ಹತ್ತೊಂಬತ್ತನೆಯ ಅಗಿತ

ಮನುಷ್ಯರು ತಮ್ಮ ದೋಷಗಳನ್ನು ಒಪ್ಪಿಕೊಳ್ಳುವಾಗಲೂ ಆಯ್ದು ಒಪ್ಪಿಕೊಳ್ಳುತ್ತಾರೆ. ನನಗೆ ಕೋಪ ಜಾಸ್ತಿ ಎನ್ನುವವರುಂಟು, ಮರೆವು ಜಾಸ್ತಿ ಎನ್ನುವವರುಂಟು. ಹಾಗೆನ್ನುವಾಗ ಅವರ ಮುಖದಲ್ಲಿ ಸಣ್ಣದೊಂದು ಹೆಮ್ಮೆಯೂ ಇರುತ್ತದೆ. ಆದರೆ ‘ನಾನು ಗಬಗಬ ತಿನ್ನುತ್ತೇನೆ’ ಎಂದು ಬಾಯಿಬಿಟ್ಟು ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ನಾನು ಗಬಗಬ ತಿನ್ನುತ್ತೇನೆ. ಎರಡು ಮುದ್ದೆ, ಸಾರು, ಮೇಲೊಂದಿಷ್ಟು ಅನ್ನ, ಕೊನೆಗೆ ಮಜ್ಜಿಗೆ, ಇಷ್ಟಕ್ಕೂ ಸೇರಿ ನನಗೆ ಬೇಕಾಗುತ್ತಿದ್ದದ್ದು ಆರು ನಿಮಿಷ. ಇದು ಅಂದಾಜಲ್ಲ, ನಮ್ಮ ಮನೆಯವರು ಗಡಿಯಾರ ನೋಡಿ ಅಳೆದದ್ದು. ಹೆಂಡತಿಯನ್ನು ಹೊಗಳುವ ಅಭ್ಯಾಸವೇ ಇಲ್ಲದ ಅವರು ಅಂದು ಮಾತ್ರ ‘ಭೇಷ್’ ಎಂದಿದ್ದರು.

ಈ ವೇಗ ನನಗೆ ಸುಮ್ಮನೆ ಬಂದದ್ದಲ್ಲ. ಹನಕೆರೆ ಹತ್ತಿರದ ನನ್ನ ತವರಿನಲ್ಲಿ ನಾವು ಐದು ಜನ ಮಕ್ಕಳು. ಸಾರಿನಲ್ಲಿ ತುಂಡುಗಳು ಕಡಿಮೆ, ಸುತ್ತ ಕೈಗಳು ಜಾಸ್ತಿ. ನನ್ನ ಅಣ್ಣನಿಗೆ ಒಂದು ಉಪಾಯ ಗೊತ್ತಿತ್ತು. ಕಿಟಕಿಯ ಕಡೆ ಬೆರಳು ತೋರಿಸಿ ‘ನವಿಲು ಬಂದದೆ ನೋಡು’ ಎನ್ನುತ್ತಿದ್ದ. ನಾನು ತಿರುಗಿ ನೋಡಿ ಬರುವಷ್ಟರಲ್ಲಿ ನನ್ನ ತಟ್ಟೆಯ ತುಂಡು ಅವನ ಬಾಯಲ್ಲಿರುತ್ತಿತ್ತು. ನಮ್ಮೂರಿನಲ್ಲಿ ನವಿಲೇ ಇಲ್ಲವೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಆ ಮೇಲೆ ನಾನು ತಲೆ ಎತ್ತದೆ ಉಣ್ಣುವುದನ್ನು ಕಲಿತೆ. ಮುಂದೆ ಬೆಸಗರಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿಯಾದೆ. ಅಲ್ಲಿ ಮಧ್ಯಾಹ್ನ ಮಕ್ಕಳ ಬಿಸಿಯೂಟದ ಸಾಲು ನೋಡಿಕೊಂಡು, ಸಾಂಬಾರು ಸಿಗಲಿಲ್ಲ ಎಂದವರಿಗೆ ಸಾಂಬಾರು ಹಾಕಿಸಿ ಬಂದು ನನ್ನ ಡಬ್ಬಿ ತೆರೆಯುವ ಹೊತ್ತಿಗೆ ಗಂಟೆ ಹೊಡೆಯಲು ಏಳು ನಿಮಿಷ ಉಳಿದಿರುತ್ತಿತ್ತು. ಅದರಲ್ಲೂ ಒಂದು ನಿಮಿಷ ಉಳಿಸಿ ನಾನು ಕೈ ತೊಳೆಯುತ್ತಿದ್ದೆ. ಇಪ್ಪತ್ನಾಲ್ಕು ವರ್ಷ ಹೀಗೆ ನಡೆಯಿತು. ಇದೇ ಇಪ್ಪತ್ನಾಲ್ಕು ವರ್ಷವೂ ನಾನು ಕಪ್ಪುಹಲಗೆಯ ಮೇಲೆ ಬಾಯಿ, ಹಲ್ಲು, ಜೊಲ್ಲುಗ್ರಂಥಿ ಎಲ್ಲ ಬರೆದು ‘ಮಕ್ಕಳೇ, ಜೀರ್ಣಕ್ರಿಯೆ ಶುರುವಾಗುವುದೇ ಬಾಯಿಂದ, ಚೆನ್ನಾಗಿ ಅಗಿದು ತಿನ್ನಬೇಕು’ ಎಂದು ಪಾಠವನ್ನೂ ಮಾಡುತ್ತಿದ್ದೆ.

ಇದರ ಫಲ ಮೈಮೇಲೆ ಕಾಣದೆ ಇರುತ್ತದೆಯೇ? ಮದ್ದೂರಿನ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನಲ್ಲಿ ನಾನು ಕೂತರೆ, ಪಕ್ಕಕ್ಕೆ ಬಂದವರು ಒಮ್ಮೆ ನನ್ನನ್ನು, ಒಮ್ಮೆ ಉಳಿದ ಜಾಗವನ್ನು ನೋಡಿ ‘ನಿಂತ್ಕೋತೀನಿ ಬುಡಿ’ ಎನ್ನುವಷ್ಟಾಗಿತ್ತು. ಕಳೆದ ವರ್ಷ ಕಾಲು ಜೋಮು ಹಿಡಿಯುತ್ತದೆಂದು ಮಂಡ್ಯದ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಧಾರವಾಡದ ಕಡೆಯವರು. ರಕ್ತದ ಪರೀಕ್ಷೆಯ ಹಾಳೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಎರಡೂ ಒಂದಕ್ಕೊಂದು ಹೊಂದುತ್ತಿದ್ದವೆಂದು ಕಾಣುತ್ತದೆ. ಏನು ಉಣ್ಣುತ್ತೀರಿ ಎಂದು ಕೇಳುತ್ತಾರೆಂದು ನಾನು ಸುಳ್ಳುಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಅದನ್ನು ಬಿಟ್ಟು, ಎಷ್ಟು ಹೊತ್ತು ಉಣ್ಣುತ್ತೀರಿ ಎಂದು ಕೇಳಿದರು. ಇದಕ್ಕೆ ನನ್ನಲ್ಲಿ ಸುಳ್ಳಿರಲಿಲ್ಲ. ಆರು ನಿಮಿಷ ಎಂದುಬಿಟ್ಟೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಆಮೇಲೆ ಅವರು ತಾಳ್ಮೆಯಿಂದ ವಿವರಿಸಿದರು. ಹೊಟ್ಟೆ ತುಂಬಿತು ಎಂಬ ಸುದ್ದಿ ಹೊಟ್ಟೆಯಿಂದ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಂತೆ. ನಿಧಾನಕ್ಕೆ ಉಣ್ಣುವವರಿಗೆ ಸುದ್ದಿ ಊಟದ ನಡುವೆಯೇ ತಲುಪುತ್ತದೆ, ಕೈ ತಾನಾಗಿ ನಿಲ್ಲುತ್ತದೆ. ನನ್ನಂಥವರಿಗೆ ಸುದ್ದಿ ತಲುಪುವ ಹೊತ್ತಿಗೆ ತಟ್ಟೆ ತೊಳೆದು ಬೋರಲು ಹಾಕಿ ಆಗಿರುತ್ತದೆ. ಅದರಲ್ಲೂ ಮೈ ದಪ್ಪವಿರುವವರು ಬೇಗ ಬೇಗ ಉಂಡರೆ ಸಕ್ಕರೆ, ಬಿ.ಪಿ., ರಕ್ತದ ಕೊಬ್ಬು, ಸೊಂಟದ ಸುತ್ತಳತೆ ಇವೆಲ್ಲ ಒಂದರ ಕೈ ಒಂದು ಹಿಡಿದುಕೊಂಡು ಏರುವ ಸಂಭವ ಹೆಚ್ಚಂತೆ. ಮಾತ್ರೆ ಬರೆದುಕೊಟ್ಟು, ಇವತ್ತಿನಿಂದ ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು, ಬಾಯಲ್ಲಿ ತುತ್ತಿರುವಾಗ ಮಾತಾಡಬಾರದು ಎಂದರು.

‘ಮೇಡಂ, ಮುದ್ದೆ ಅಗಿಯೋ ಪದಾರ್ಥ ಅಲ್ಲ,’ ಎಂದು ನಾನು ವಿನಯದಿಂದಲೇ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಅವರ ಕಡೆಯ ಜೋಳದ ರೊಟ್ಟಿ ಅಗಿಯದೆ ಒಳಗೆ ಹೋಗುವುದಿಲ್ಲ; ನಮ್ಮ ಮುದ್ದೆ ಅಗಿದರೆ ಒಳಗೆ ಹೋಗುವುದಿಲ್ಲ. ನಮ್ಮ ಕಡೆ ಮುದ್ದೆ ಅಗಿಯುವವನನ್ನು ಕಂಡರೆ ಇವನು ಯಾವ ಸೀಮೆಯವನು ಎಂದು ಕೇಳುತ್ತಾರೆ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬಂದೆವು. ಮುದ್ದೆಯನ್ನು ಗೋಲಿಯಷ್ಟೇ ಮುರಿದು ನುಂಗುವುದು, ನುಂಗಿದ ಮೇಲೆ ಕೈ ತಟ್ಟೆಯಿಂದ ಆಚೆ ಇಟ್ಟು ಮನಸ್ಸಿನಲ್ಲಿ ಮೂವತ್ತು ಎಣಿಸುವುದು. ಉಳಿದದ್ದೆಲ್ಲ ಅಗಿಯುವುದು.

ಮನೆಯಲ್ಲಿ ನಮ್ಮ ಮನೆಯವರಿಗೆ ಇದು ಹಬ್ಬವಾಯಿತು. ಹಾಲಿನ ಡೇರಿಯ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಯಾರ ಮೇಲೂ ಅಧಿಕಾರವಿರಲಿಲ್ಲ. ಈಗ ನನ್ನ ದವಡೆಯ ಮೇಲೆ ಬಂತು. ನಾನು ಇಪ್ಪತ್ತಕ್ಕೆ ನುಂಗಿದರೆ ಹಿಡಿದುಬಿಡುತ್ತಿದ್ದರು. ಮೊದಲ ವಾರ ಒಂಬತ್ತು ನಿಮಿಷ, ಎರಡನೆಯ ವಾರ ಹದಿನೈದು. ಒಂದು ತಿಂಗಳಲ್ಲಿ ನಾನು ಅರ್ಧ ಗಂಟೆ ಮುಟ್ಟಿದೆ. ಅಷ್ಟು ಹೊತ್ತು ಉಂಡರೆ ಎರಡನೆಯ ಮುದ್ದೆ ಬೇಡವೆನಿಸುತ್ತದೆ ಎಂಬುದು ನನಗೇ ಸೋಜಿಗವಾಗಿತ್ತು. ಸ್ವಲ್ಪ ಜಂಬವೂ ಬಂತು. ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಗಡಿಬಿಡಿಯಿಂದ ತಿನ್ನುವವರನ್ನು ಕಂಡರೆ, ಕುಡಿತ ಬಿಟ್ಟವರು ಕುಡುಕರನ್ನು ನೋಡುವ ಹಾಗೆ ನೋಡತೊಡಗಿದೆ.

ಇದೇ ಸಮಯಕ್ಕೆ ನನ್ನ ಅಣ್ಣನ ಮಗ ಲೋಕೇಶನಿಗೆ ಹೆಣ್ಣು ಗೊತ್ತಾಗುವ ಹಾಗಾಯಿತು. ಲೋಕೇಶನಿಗೆ ಮೂವತ್ಮೂರು. ಕಬ್ಬು ಬೆಳೆಯುತ್ತಾನೆ, ಮೂರು ಹಸು ಸಾಕಿದ್ದಾನೆ, ಬೀಡಿ ಸಿಗರೇಟು ಏನೂ ಇಲ್ಲ. ಇದ್ದ ಒಂದೇ ಕೊರತೆಯೆಂದರೆ ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರೆ ನಾವು ವ್ಯವಸಾಯ ಎನ್ನಬೇಕಾಗಿತ್ತು. ಈಗ ನಮ್ಮ ಕಡೆ ಆ ಮಾತು ಕೇಳಿದರೆ ಹೆಣ್ಣಿನ ಮನೆಯವರ ಮುಖ ತಣ್ಣಗಾಗುತ್ತದೆ. ಎಂಟು ಮನೆ ನೋಡಿದ್ದೆವು. ವ್ಯವಸಾಯ ಎನ್ನುವುದಕ್ಕೆ ಮುಂಚೆ ಬಂದ ತಟ್ಟೆಯಲ್ಲಿ ಬಿಸ್ಕತ್ತು ಇರುತ್ತಿತ್ತು, ಆಮೇಲೆ ಬಂದ ಲೋಟದಲ್ಲಿ ಬರೀ ಕಾಫಿ. ಎಂಟನೆಯ ಮನೆಯಿಂದ ಬಂದ ದಿನ ಲೋಕೇಶ ನೇರ ಕೊಟ್ಟಿಗೆಗೆ ಹೋಗಿ ಹಸುಗಳ ಮೈ ಎರಡೆರಡು ಸಲ ತೊಳೆದನಂತೆ. ಅತ್ತಿಗೆ ಅದನ್ನು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಒಂಬತ್ತನೆಯದು ಮಳವಳ್ಳಿ ತಾಲೂಕಿನ ಬೆಳಕವಾಡಿಯ ಮನೆ. ಹುಡುಗಿ ಭವ್ಯ, ಮಳವಳ್ಳಿಯ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ಅವಳು ಲೋಕೇಶನಿಗೆ ಕೇಳಿದ್ದು ಒಂದೇ ಪ್ರಶ್ನೆ, ಮದುವೆಯಾದ ಮೇಲೂ ಕೆಲಸಕ್ಕೆ ಹೋಗಬಹುದೇ ಎಂದು. ಹಾಲು ಹಾಕಿ ಬರುವಾಗ ನಾನೇ ಬಸ್ಸಿಗೆ ಬಿಡುತ್ತೇನೆ ಎಂದನಂತೆ ಇವನು. ಅಲ್ಲಿಗೆ ಇಬ್ಬರೂ ಒಪ್ಪಿದರು. ನಮ್ಮ ಕಡೆ ಮಾತು ಗಟ್ಟಿಯಾಗುವವರೆಗೆ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ. ಮೂರನೆಯ ಸಲ ಹೋದಾಗ ಊಟ ಮಾಡಿಕೊಂಡು ಬರುವುದೆಂದು ಮಾತಾಯಿತು. ಆ ಊಟವೇ ಒಪ್ಪಿಗೆಯ ಮುದ್ರೆ. ಮೊದಲೆರಡು ಸಲ ನನಗೆ ಪರೀಕ್ಷೆಯ ಕೆಲಸವಿದ್ದು ಹೋಗಿರಲಿಲ್ಲ. ಹುಡುಗನ ಸೋದರತ್ತೆ, ಅದರಲ್ಲೂ ಮೇಡಮ್ಮು, ಇನ್ನೂ ಹುಡುಗಿಯನ್ನು ನೋಡಿಲ್ಲ, ಅವರ ಬಾಯಿಂದಲೂ ಒಂದು ಮಾತು ಬಂದುಬಿಡಲಿ ಎಂದು ಹೆಣ್ಣಿನ ಅಜ್ಜಿ ಹೇಳಿಕಳಿಸಿದ್ದರು. ನನ್ನ ಬಾಯಿಗೆ ಅಷ್ಟು ಬೆಲೆ ಎಂದೂ ಬಂದಿರಲಿಲ್ಲ.

ಹಜಾರದಲ್ಲಿ ಜಮಖಾನ ಹಾಸಿ ಎಲೆ ಹಾಕಿದ್ದರು. ಅಣ್ಣ, ಅತ್ತಿಗೆ, ಲೋಕೇಶ, ನಮ್ಮ ಮನೆಯವರು, ನಾನು, ಊರ ಹಿರಿಯರೆಂದು ಕರೆತಂದಿದ್ದ ಎಪ್ಪತ್ತು ದಾಟಿದ ನಿಂಗಣ್ಣ, ಹೀಗೆ ಆರು ಜನ ಸಾಲಾಗಿ ಕೂತೆವು. ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು. ಭವ್ಯ ತಾನೇ ಬಡಿಸಿದಳು. ಎತ್ತರದ ಹುಡುಗಿ, ತಗ್ಗಿದ ದನಿ. ನನಗೆ ನೋಡಿದ ತಕ್ಷಣ ಹಿಡಿಸಿದಳು. ಅದನ್ನು ಆಗಲೇ ಹೇಳಿಬಿಟ್ಟಿದ್ದರೆ ಈ ಪ್ರಬಂಧವೇ ಬೇಕಾಗುತ್ತಿರಲಿಲ್ಲ. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಗಂಭೀರವಾಗಿ ಹೇಳೋಣ ಎಂದುಕೊಂಡೆ.

ಉಳಿದವರೆಲ್ಲ ಹತ್ತು ನಿಮಿಷದಲ್ಲಿ ಮುಗಿಸಿದರು. ನಾನು ಮುದ್ದೆಯ ಕಾಲುಭಾಗದಲ್ಲಿದ್ದೆ. ಗೋಲಿಯಷ್ಟು ಮುರಿ, ನುಂಗು, ಕೈ ಆಚೆ ಇಡು, ಮೂವತ್ತು ಎಣಿಸು. ಸಾಲಿನಲ್ಲಿ ಒಬ್ಬರ ಎಲೆಯಲ್ಲಿ ಅನ್ನವಿರುವಾಗ ಪಕ್ಕದವರು ಏಳುವಂತಿಲ್ಲ. ಐದು ಜನರೂ ಎಂಜಲು ಕೈ ಹಿಡಿದುಕೊಂಡು ಕೂತರು. ಕೈ ಒಣಗಿತು. ನಿಂಗಣ್ಣನವರಿಗೆ ಮಂಡಿ ನೋವು. ಚಕ್ಕಳಮಕ್ಕಳ ಹಾಕಿ ಕೂತ ಕಾಲನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೊರಳಿಸುತ್ತ ನನ್ನ ಎಲೆಯನ್ನೇ ನೋಡುತ್ತಿದ್ದರು. ಬಡಿಸುವವರು ಬಂದು ಬಂದು ನನ್ನ ಮುಂದೆ ನಿಂತು ಹೋಗುತ್ತಿದ್ದರು. ಉಪ್ಪು ಜಾಸ್ತಿ ಆಯಿತೇ ಎಂದು ಹುಡುಗಿಯ ಅವ್ವ ಕೇಳಿದರು. ಬಾಯಲ್ಲಿ ತುತ್ತಿತ್ತು, ನಾನು ಮಾತಾಡಲಿಲ್ಲ. ಖಾರ ಆಯಿತೇ ಎಂದು ಅಪ್ಪ ಕೇಳಿದರು. ಆಗಲೂ ತುತ್ತಿತ್ತು. ಅವರಿಬ್ಬರೂ ಮುಖ ಮುಖ ನೋಡಿಕೊಂಡು ಒಳಗೆ ಹೋದರು. ನಮ್ಮ ಮನೆಯವರು ಮಾತ್ರ ನನ್ನ ನಿಷ್ಠೆಯನ್ನು ಕಂಡು ಮೆಚ್ಚುಗೆಯಿಂದ ತಲೆದೂಗುತ್ತಿದ್ದರು.

ಆಗ ಅಜ್ಜಿ ಬಂದರು. ಗೋಡೆ ಹಿಡಿದುಕೊಂಡು ಬಂದು ನನ್ನ ಎದುರಿಗೇ ಕೂತು, ಮೊಮ್ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ನೇರವಾಗಿ ಕೇಳಿದರು: ‘ಏನವ್ವಾ, ನಮ್ ಹುಡ್ಗಿ ನಿಂಗೆ ಒಪ್ಗೆನಾ?’

ನನ್ನ ಬಾಯಲ್ಲಿ ನಾಟಿಕೋಳಿಯ ತುಂಡಿತ್ತು. ಹತ್ತೊಂಬತ್ತನೆಯ ಅಗಿತ ನಡೆಯುತ್ತಿತ್ತು. ಸ್ವಲ್ಪ ತಾಳಿ, ಹೇಳುತ್ತೇನೆ ಎಂಬಂತೆ ಎಡಗೈ ಎತ್ತಿ ಅಂಗೈ ತೋರಿಸಿದೆ. ಅದೇ ಕ್ಷಣದಲ್ಲಿ ಮೂಳೆಯ ಚೂರೊಂದು ಹಲ್ಲಿನ ಸಂದಿಗೆ ಸಿಕ್ಕಿತು. ಅದನ್ನು ಬಿಡಿಸಿಕೊಳ್ಳಲು ತಲೆಯನ್ನು ಅತ್ತ ಇತ್ತ ಆಡಿಸಿದೆ.

ಎತ್ತಿದ ಅಂಗೈ, ಅಲ್ಲಾಡುವ ತಲೆ. ಇದಕ್ಕೆ ಯಾವ ಊರಿನಲ್ಲೂ ಎರಡು ಅರ್ಥವಿಲ್ಲ. ಭವ್ಯ ಸಾರಿನ ಸೌಟನ್ನು ಪಾತ್ರೆಗೆ ಮೆಲ್ಲನೆ ಇಳಿಸಿ ಒಳಗೆ ಹೋದಳು. ಅಜ್ಜಿ ಮತ್ತೆ ಗೋಡೆ ಹಿಡಿದುಕೊಂಡು ಎದ್ದು ಅವಳ ಹಿಂದೆಯೇ ಹೋದರು. ಇಂಥ ಹೊತ್ತಿನಲ್ಲಿ ಬುದ್ಧಿಯಿರುವ ಯಾರಾದರೂ ತುತ್ತು ಉಗಿದಾದರೂ ಮಾತಾಡುತ್ತಿದ್ದರು. ನಾನು ವಿಜ್ಞಾನದ ಶಿಕ್ಷಕಿ. ಇಪ್ಪತ್ತು, ಇಪ್ಪತ್ತೊಂದು ಎಂದು ಮೂವತ್ತರವರೆಗೂ ಎಣಿಸಿ, ನುಂಗಿ, ‘ಒಪ್ಪಿಗೆ’ ಎಂದೆ. ಕೇಳಲು ಎದುರಿಗೆ ಯಾರೂ ಇರಲಿಲ್ಲ.

‘ಲೇ ಸುಸೀಲಾ, ನಿನ್ ಬುದ್ದಿ ನೆಟ್ಟಗೈತಾ?’ ಎಂದ ಅಣ್ಣ ಹಲ್ಲು ಕಚ್ಚಿ. ಅತ್ತಿಗೆ ಅಳುವ ಹಾಗಿದ್ದಳು. ಲೋಕೇಶ ನನ್ನನ್ನು ನೋಡಲಿಲ್ಲ, ತನ್ನ ಎಲೆಯನ್ನು ನೋಡುತ್ತಿದ್ದ. ಅವನ ಕಿವಿ ಕೆಂಪಗಾಗಿತ್ತು. ಚಿಕ್ಕವನಿದ್ದಾಗ ನಾನೇ ಎತ್ತಿ ಆಡಿಸಿದ ಹುಡುಗ. ನನಗೆ ಆಗ ನಿಜಕ್ಕೂ ಹೆದರಿಕೆಯಾಯಿತು. ಎಂಟು ಮನೆಯವರು ಬೇಡವೆಂದದ್ದು ಅವನ ಕೆಲಸಕ್ಕಾಗಿ. ಒಂಬತ್ತನೆಯದು ಅವನ ಅತ್ತೆಯ ದವಡೆಯಿಂದ ಮುರಿದುಹೋದರೆ ಅವನು ಆ ಹಸುಗಳನ್ನು ಇನ್ನೆಷ್ಟು ಸಲ ತೊಳೆಯಬೇಕು?

ನಾನು ಏಳಬೇಕು ಎನ್ನುವಷ್ಟರಲ್ಲಿ ನಮ್ಮ ಮನೆಯವರು ಸಹಾಯಕ್ಕೆ ಬಂದರು. ಅವರು ಸಹಾಯಕ್ಕೆ ಬಂದದ್ದರಿಂದ ಯಾವ ಕೆಲಸವೂ ಸುಧಾರಿಸಿದ ಉದಾಹರಣೆ ಇಲ್ಲ. ಆಗ ತಾನೇ ಬಾಗಿಲಿಗೆ ಬಂದು ನಿಂತ ಹುಡುಗಿಯ ಅಪ್ಪನಿಗೆ, ತಪ್ಪು ತಿಳಿಯಬೇಡಿ, ಇವಳಿಗೆ ಹೀಗೆ ಉಣ್ಣಬೇಕು ಎಂದು ಡಾಕ್ಟರು ಹೇಳಿದ್ದಾರೆ ಎಂದರು. ಅಪ್ಪನ ಮುಖ ಇನ್ನೊಂದು ಬಣ್ಣಕ್ಕೆ ತಿರುಗಿತು. ಗಂಟಲಿನದೋ, ಕರುಳಿನದೋ ಎಂದು ಕೇಳಿದರು. ಇವರು ಸಮಾಧಾನಪಡಿಸುವ ದನಿಯಲ್ಲಿ, ಅಂಥದ್ದೇನಲ್ಲ, ರಕ್ತದಲ್ಲಿ ಸ್ವಲ್ಪ ಇದೆ ಎಂದರು.

‘ರಕ್ತದಲ್ಲಾ?’ ಎಂದರು ಹುಡುಗಿಯ ಅಪ್ಪ. ‘ಅಂಗಂದ್ರೆ ನಿಮ್ ವಂಸದಲ್ಲೇ ಐತೆ ಅನ್ನಿ.’

ಈ ಮಾತು ಅಡುಗೆಮನೆಗೂ ಕೇಳಿಸಿತು. ನಿಂಗಣ್ಣ ಮಂಡಿ ನೋವನ್ನು ಮರೆತು ನನ್ನಿಂದ ಅರ್ಧ ಅಡಿ ಆಚೆ ಸರಿದರು. ಇನ್ನು ನಾನು ಏನು ವಿವರಿಸಿದರೂ ಸುಳ್ಳಾಗಿಯೇ ಕೇಳಿಸುತ್ತದೆ ಎಂದು ನನಗೆ ಅರಿವಾಯಿತು. ಬಾಯಿಂದ ಕೆಟ್ಟದ್ದನ್ನು ಬಾಯಿಂದಲೇ ಸರಿಮಾಡಬೇಕು, ಆದರೆ ಮಾತಿನಿಂದ ಅಲ್ಲ. ಎಲೆಯ ಮುಂದೆ ಸರಿಯಾಗಿ ಕೂತೆ. ಡಾಕ್ಟರಮ್ಮನನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಒಳಗೆ ಕೇಳುವ ಹಾಗೆ ಕೂಗಿದೆ: ‘ಇನ್ನೊಂದು ಮುದ್ದೆ ತರ್ರವ್ವಾ. ಸಾರು ಬಿಸಿ ಇರೋದೇ ಹಾಕಿ.’

ಅವ್ವ ಅನುಮಾನದಿಂದಲೇ ತಂದು ಹಾಕಿದರು. ಆಮೇಲೆ ನಡೆದದ್ದನ್ನು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಒಂದು ತಿಂಗಳಿಂದ ಕಟ್ಟಿಹಾಕಿದ್ದ ಎತ್ತನ್ನು ಬಿಚ್ಚಿದ ಹಾಗೆ ಆಯಿತು. ಮುರಿದದ್ದು, ಅದ್ದಿದ್ದು, ನುಂಗಿದ್ದು ಯಾವುದೂ ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲವೆಂದು ಅತ್ತಿಗೆ ಆಮೇಲೆ ಹೇಳಿದಳು. ಮೊದಲಿನ ಮುದ್ದೆಯ ಉಳಿಕೆ ಹೋಯಿತು, ಎರಡನೆಯದು ಹೋಯಿತು. ಮೂರನೆಯದನ್ನು ನಾನು ಕೇಳಲಿಲ್ಲ, ಅವರೇ ಹಾಕಿದರು. ಅಡುಗೆಮನೆಯ ಬಾಗಿಲಿಗೆ ಮೊದಲು ಅವ್ವ ಬಂದು ನಿಂತರು, ಆಮೇಲೆ ಯಾರೋ ಚಿಕ್ಕಮ್ಮಂದಿರು, ಕೊನೆಗೆ ಅಜ್ಜಿ. ಅಜ್ಜಿಯ ಭುಜದ ಮೇಲಿಂದ ಭವ್ಯಳ ಒದ್ದೆ ಕಣ್ಣು ಕಾಣಿಸುತ್ತಿತ್ತು. ಕೋಳಿಯ ಕಾಲಿನ ಮೂಳೆಯನ್ನು ನಾನು ಚೀಪಿ ಎಲೆಯ ಬದಿಗಿಟ್ಟಾಗ ಅಜ್ಜಿ ಉಸಿರುಬಿಟ್ಟು ಮಗನ ಕಡೆ ತಿರುಗಿದರು.

‘ಕಾಯ್ಲೆ ಆದೋರು ಇಂಗ್ ಉಂಡಾರೇನ್ಲಾ?’ ಎಂದರು. ‘ಇಷ್ಟೊತ್ತು ನಾಚ್ಕೊಂಡಿತ್ತು ಕಣ್ಲಾ, ಪಾಪ.’

ನಾನು ನಾಚಿಕೊಂಡಿದ್ದೆ ಎಂದು ನನ್ನ ಐವತ್ತು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಕೈ ಕೂಡ ತೊಳೆಯದೆ, ಬಾಯಿ ಖಾಲಿ ಇರುವುದನ್ನು ಒಮ್ಮೆ ನಾಲಿಗೆಯಿಂದ ಪರೀಕ್ಷಿಸಿಕೊಂಡು, ಹುಡುಗಿ ನನಗೆ ಮನಸಾರೆ ಒಪ್ಪಿಗೆ, ಇಂಥವಳು ಸಿಕ್ಕುವುದು ನಮ್ಮ ಪುಣ್ಯ ಎಂದು ಹೇಳಿದೆ. ಡಾಕ್ಟರ ವಿಷಯವನ್ನೂ ಜಗುಲಿಯ ಮೇಲೆ ಕೂತು ಮೊದಲಿಂದ ಬಿಡಿಸಿ ಹೇಳಿದೆ. ಬರೀ ಸಕ್ಕರೆ ಕಾಯಿಲೆಯೇ ಎಂದು ಹುಡುಗಿಯ ಅಪ್ಪ ನಕ್ಕುಬಿಟ್ಟರು. ಅವರಿಗೂ ಇತ್ತು, ನಿಂಗಣ್ಣನಿಗೂ ಇತ್ತು, ಅಜ್ಜಿಗೆ ಇಪ್ಪತ್ತು ವರ್ಷದಿಂದ ಇತ್ತು. ಮಾತ್ರೆಗಳ ಹೆಸರು ಹೇಳಿಕೊಳ್ಳುತ್ತ ಎರಡು ಕಡೆಯವರೂ ಎಷ್ಟು ಹತ್ತಿರವಾದರೆಂದರೆ ಮದುವೆಯ ದಿನವನ್ನೂ ಅಲ್ಲೇ ಗೊತ್ತುಮಾಡಿದೆವು. ಹೊರಡುವಾಗ ಲೋಕೇಶ ಕಾರಿನ ಬಾಗಿಲು ತೆರೆದು ನನ್ನನ್ನು ಕೂರಿಸಿದ. ‘ಅತ್ತೆ, ಮದ್ವೆ ದಿನ ಮಾತ್ರ ಎಣಿಸ್ಬೇಡಿ,’ ಎಂದ ಅಷ್ಟೇ.

ಮದುವೆ ಆಯಿತು. ನಾನು ಎಣಿಸಲಿಲ್ಲ. ಆಮೇಲೆ ಮತ್ತೆ ಶ್ರದ್ಧೆಯಿಂದ ಎಣಿಕೆಗೆ ಕೂತೆ, ಮೂರು ತಿಂಗಳಿಗೆ ಸಕ್ಕರೆ ಸ್ವಲ್ಪ ಇಳಿಯಿತು, ಬಸ್ಸಿನಲ್ಲಿ ಪಕ್ಕದವರು ಅರ್ಧ ಮನಸ್ಸಿನಿಂದಲಾದರೂ ಕೂರತೊಡಗಿದರು. ಎಲ್ಲ ನೆಟ್ಟಗಾಯಿತು ಎಂದುಕೊಳ್ಳುವಾಗ ಭವ್ಯ ಭಾನುವಾರಗಳಂದು ನಮ್ಮ ಮನೆಗೆ ಬರಲು ಶುರುಮಾಡಿದಳು. ನಂಟಿನ ಲೆಕ್ಕದಲ್ಲಿ ನಾನು ಅವಳಿಗೆ ಏನಾಗಬೇಕೋ, ಗಂಡನ ಬಾಯಿ ಕೇಳಿ ಅತ್ತೆ ಎನ್ನುತ್ತಾಳೆ. ಮೊದಲ ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟಕ್ಕೆ ಕೂತಾಗಲೇ ನನಗೆ ಗೊತ್ತಾದದ್ದು, ಅವಳು ಹುಟ್ಟಾ ನಿಧಾನ. ಡಾಕ್ಟರು ಹೇಳದೆ, ಯಾರೂ ಎಣಿಸದೆ, ತನ್ನ ಪಾಡಿಗೆ ಒಂದು ತುತ್ತನ್ನು ಅಷ್ಟು ಹೊತ್ತು ಅಗಿಯುತ್ತಾಳೆ. ನಾನು ಅರ್ಧ ಗಂಟೆ ಎಳೆದೆಳೆದು ಮುಗಿಸಿದರೂ ಅವಳು ಅರ್ಧದಲ್ಲಿರುತ್ತಾಳೆ. ಹೊಸ ಹುಡುಗಿ ಉಣ್ಣುತ್ತಿರುವಾಗ ಎದ್ದುಹೋಗುವುದು ಹೇಗೆ? ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತರೆ ಅವಳಿಗೆ ಸಂಕೋಚವಾಗುತ್ತದೆ. ಅವಳ ಜೊತೆಗಿರಲಿ ಎಂದು ಅರ್ಧ ಮುದ್ದೆ ಹಾಕಿಕೊಂಡೆ. ಅದೂ ಮುಗಿಯಿತು, ಅವಳದು ಮುಗಿದಿರಲಿಲ್ಲ. ಇನ್ನರ್ಧ ಹಾಕಿಕೊಂಡೆ. ಆಮೇಲೆ ಅನ್ನವೂ ಇತ್ತು.

ಕಳೆದ ಭಾನುವಾರ ಊಟವಾದ ಮೇಲೆ ಅವಳು ಹಿತ್ತಲಲ್ಲಿ ನಿಂತು ಬೆಳಕವಾಡಿಗೆ ಫೋನು ಮಾಡುತ್ತಿದ್ದಳು. ನಾನು ಪಾತ್ರೆ ಇಡಲು ಹೋದವಳು ಬಾಗಿಲ ಹಿಂದೆ ನಿಂತೆ. ಕದ್ದು ಕೇಳುವ ಅಭ್ಯಾಸ ನನಗಿಲ್ಲ. ಆದರೆ ಅತ್ತೆ ಎಂಬ ಮಾತು ಕಿವಿಗೆ ಬಿತ್ತು.

‘ಭಾಳ ಒಳ್ಳೇರು ಕಣವ್ವಾ,’ ಎನ್ನುತ್ತಿದ್ದಳು. ‘ನಾನು ಒಬ್ಳೇ ಉಣ್ತಾ ಕೂತ್ರೆ ನಂಗೆ ಬೇಜಾರಾಗ್ತದೆ ಅಂತ, ಪಾಪ, ತಮಗೆ ಬ್ಯಾಡದಿದ್ರೂ ಮೂರ್ಮೂರು ಮುದ್ದೆ ಉಣ್ತಾರೆ.’

ನನ್ನ ಹೊಟ್ಟೆಬಾಕತನವನ್ನು ಇಷ್ಟು ಚೆನ್ನಾಗಿ ಯಾರೂ ಬಣ್ಣಿಸಿರಲಿಲ್ಲ. ಹೊರಗೆ ಹೋಗಿ, ಹಾಗಲ್ಲ ಕಣಮ್ಮ, ನನಗೆ ಬೇಕಾಗಿಯೇ ಉಣ್ಣುತ್ತೇನೆ ಎಂದು ನಿಜ ಹೇಳುವುದು ಶಿಕ್ಷಕಿಯಾದವಳ ಧರ್ಮವಾಗಿತ್ತು. ಆದರೆ ಅಷ್ಟು ಒಳ್ಳೆಯ ಹುಡುಗಿ, ತವರಿಗೆ ಫೋನು ಮಾಡಿ ಅಷ್ಟು ಸಂತೋಷದಿಂದ ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕುವುದು ಸರಿಯಲ್ಲವೆಂದು, ಸದ್ದು ಮಾಡದೆ ಅಡುಗೆಮನೆಗೆ ವಾಪಸು ಬಂದು, ಮುಂದಿನ ಭಾನುವಾರಕ್ಕೆ ರಾಗಿಹಿಟ್ಟು ಎಷ್ಟಿದೆ ಎಂದು ಡಬ್ಬ ತೆರೆದು ನೋಡಿದೆ.